ಗೊಬ್ನಿತಳ ಮೀನಿಗೆ ರೆಕ್ಕೆಯಿತ್ತು

ನಮ್ಮ ದ್ವೀಪದಲ್ಲಿ ಒಂದೇ ಒಂದು ಮರವಿಲ್ಲ. ಐರ್ಲೆಂಡಿನ ಪಶ್ಚಿಮದ ತುದಿಯಿಂದಲೂ ಆಚೆಗೆ, ಕಡಲೊಳಗೆ ಬಿದ್ದುಕೊಂಡ ಬಂಡೆ ಅದು. ಗಾಳಿಗೆ ಹುಲ್ಲು ಸಹ ತಲೆ ಬಗ್ಗಿಸಿಕೊಂಡೇ ಬೆಳೆಯಬೇಕು. ಅಂಥ ನೆಲದಲ್ಲಿ ಬಿಲ ತೋಡಿಕೊಂಡು ಬೇಸಿಗೆ ಕಳೆಯುವ ಒಂದು ಜೀವ ಉಂಟು, ಪಫಿನ್ ಅಂತ. ಬೆನ್ನು ಕಪ್ಪು, ಹೊಟ್ಟೆ ಬಿಳಿ, ಕೆಂಪು ಹಳದಿ ಬಣ್ಣ ಬಳಿದಂಥ ದಪ್ಪ ಮೂತಿ. ನೀರಿಗೆ ಬಿದ್ದರೆ ಬಾಣ, ನೆಲಕ್ಕೆ ಬಂದರೆ ಕುಡುಕ. ಇಷ್ಟು ಕೇಳಿದ್ದೇ ತಡ, ಅದನ್ನು ಹಕ್ಕಿ ಅಂದುಬಿಡಬೇಡಿ. ಗೊಬ್ನಿತ್ ಬದುಕಿದ್ದಿದ್ದರೆ ನಿಮ್ಮನ್ನು ಹೊಸಿಲು ದಾಟಲು ಬಿಡುತ್ತಿರಲಿಲ್ಲ.

ಗೊಬ್ನಿತ್ ನನ್ನ ತಾಯಿಯ ಅಜ್ಜಿ. ಮಿಕಿಯ ಮಗಳು ಗೊಬ್ನಿತ್ ಎಂದರೆ ದ್ವೀಪಕ್ಕೆಲ್ಲ ಗೊತ್ತು, ಆಚೆ ದಡದ ಸಂತೆಗೂ ಗೊತ್ತು. ಗಂಡ ಕಡಲಿನ ಪಾಲಾದ ಮೇಲೆ ಮಗ ಡೋನಲ್‌ನನ್ನು ಸಾಕಿ, ಮದುವೆ ಮಾಡಿ, ಸೊಸೆ ಎಲೀಶಳನ್ನು ಮನೆ ತುಂಬಿಸಿಕೊಂಡವಳು. ಹೆಂಗಸು ಅಂಥಾ ಎತ್ತರವೇನಲ್ಲ. ಆದರೆ ಬಾಗಿಲಲ್ಲಿ ನಿಂತಳೆಂದರೆ ಬಾಗಿಲೇ ಕಾಣುತ್ತಿರಲಿಲ್ಲ ಎಂದು ಹಳಬರು ಹೇಳುತ್ತಿದ್ದರು.

ಅವಳಿಗೆ ಒಮ್ಮೆ ಒಂದು ತೀರ್ಮಾನ ಆಯಿತೆಂದರೆ ಆಯಿತು. ಪಫಿನ್ ಬೇಸಿಗೆಯಲ್ಲಿ ನೆಲದೊಳಗಿರುತ್ತದೆ, ಚಳಿಗಾಲ ಬಂದರೆ ಕಡಲ ತಳಕ್ಕೆ ಇಳಿದು ಮಲಗುತ್ತದೆ. ಇದು ಅವಳ ತೀರ್ಮಾನ. ಚಳಿಗಾಲದಲ್ಲಿ ಅದನ್ನು ಯಾರೂ ಕಂಡವರಿಲ್ಲವಲ್ಲ! ಕಡಲಲ್ಲಿ ಮಲಗುವುದು, ಕಡಲಲ್ಲಿ ಉಣ್ಣುವುದು, ಬಾಯಿಗಿಟ್ಟರೆ ಕಡಲಿನದೇ ರುಚಿ. ಹಾಗಾದರೆ ಅದೇನು? ಮೀನು. ಇದು ಅವಳೊಬ್ಬಳ ಮಾತಾಗಿರಲಿಲ್ಲ. ಇಡೀ ದ್ವೀಪ ತಲೆತಲಾಂತರದಿಂದ ಹಾಗೇ ನಂಬಿತ್ತು, ಅಥವಾ ನಂಬಿಕೊಂಡು ಬದುಕಿತ್ತು. ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ, ವರ್ಷದ ಶುಕ್ರವಾರಗಳಲ್ಲೂ, ಮಾಂಸ ಮುಟ್ಟುವಂತಿಲ್ಲ, ಮೀನಿಗೆ ಅಡ್ಡಿಯಿಲ್ಲ. ಆ ದಿನಗಳಲ್ಲೇ ಕಡಲು ಕೆರಳಿರುತ್ತದೆ, ದೋಣಿ ಇಳಿಯುವುದಿಲ್ಲ, ಮನೆಯಲ್ಲಿ ಆಲೂಗಡ್ಡೆ ಮೊಳಕೆಯೊಡೆದು ಸುಕ್ಕುಗಟ್ಟಿರುತ್ತದೆ. ಉಳಿದಿರುವುದು ಹಿಂದಿನ ಬೇಸಿಗೆಯಲ್ಲಿ ಬಿಲಕ್ಕೆ ಕೈಹಾಕಿ ಹಿಡಿದು, ಸುಲಿದು, ಪೀಪಾಯಿಯಲ್ಲಿ ಉಪ್ಪು ಹಾಕಿಟ್ಟ ಪಫಿನ್. ಅದನ್ನು ಮಾಂಸ ಎಂದವನು ಮೊದಲು ನಮಗೆ ಬೇರೆ ಊಟ ತಂದುಕೊಡಬೇಕಿತ್ತು.

ಆ ವರ್ಷ ಆಚೆ ದಡಕ್ಕೆ ಹೊಸ ಪಾದ್ರಿ ಬಂದರು. ಬ್ರೊಸ್ನನ್ ಎಂದು ಹೆಸರು. ಕೆಟ್ಟವರಲ್ಲ, ನಮ್ಮ ಭಾಷೆ ನಮ್ಮ ಹಾಗೇ ಆಡುತ್ತಿದ್ದರು, ಜ್ವರ ಬಂದ ಮನೆಗೆ ಕರೆಯದೆ ಹೋಗುತ್ತಿದ್ದರು. ಬಹಳ ಕಾಲ, ಪಾದ್ರಿಯಾಗುವ ಹುಡುಗರು ಓದುವ ಗುರುಮಠದಲ್ಲಿ ಜೀವವಿಜ್ಞಾನ ಹೇಳಿಕೊಟ್ಟವರು. ಮನೆಯಲ್ಲಿ ಒಂದು ದೊಡ್ಡ ಕಪಾಟು, ಅದಕ್ಕೆ ಖಾನೆಗಳು. ಒಂದರಲ್ಲಿ ಚಿಪ್ಪು, ಒಂದರಲ್ಲಿ ಜೀರುಂಡೆ, ಒಂದರಲ್ಲಿ ಹುಲ್ಲುತುಂಬಿದ ಹಕ್ಕಿಗಳು. ದಾರಿಯಲ್ಲಿ ಸತ್ತುಬಿದ್ದ ಮೂಗಿಲಿ ಸಿಕ್ಕರೂ ಕರವಸ್ತ್ರದಲ್ಲಿ ಸುತ್ತಿ ಮನೆಗೆ ಒಯ್ಯುವರು. "ಸತ್ತವರಿಗೆಲ್ಲ ಒಂದು ಜಾಗ ಮಾಡಿಕೊಡ್ತಾರಪ್ಪ, ಒಳ್ಳೇ ಪಾದ್ರಿ," ಎಂದು ನಮ್ಮ ನೆರೆಮನೆಯ ಟೈಗ್ ಮುದುಕ ನಗುತ್ತಿದ್ದ.

ವಸಂತದಲ್ಲೊಮ್ಮೆ, ಕಡಲು ಸುಮ್ಮನಾದ ದಿನ ನೋಡಿಕೊಂಡು, ಪಾದ್ರಿ ದೋಣಿ ಹತ್ತಿ ಬಂದು ಯಾರಾದರೊಬ್ಬರ ಮನೆಯಲ್ಲೇ ಪೂಜೆ ಮಾಡುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಆ ಸಲ ಅವರು ಬಂದದ್ದು ತಪಸ್ಸುಕಾಲದಲ್ಲಿ, ಸರದಿ ಗೊಬ್ನಿತಳದು. ಗೋಡೆಗೆ ಸುಣ್ಣ ಹೊಡೆದಳು, ಕೋಳಿಗಳನ್ನು ಹೊರಗಟ್ಟಿದಳು, ಊಟದ ಮೇಜನ್ನೇ ತಿಕ್ಕಿ ತೊಳೆದು ಬಲಿಪೀಠ ಮಾಡಿದಳು. ಒಳಕೋಣೆಯಲ್ಲಿ ಎಲೀಶ್ ಆಗತಾನೇ ಹೆತ್ತ ಹೆಣ್ಣುಮಗುವನ್ನು ಮಗ್ಗುಲಲ್ಲಿ ಹಾಕಿಕೊಂಡು ಮಲಗಿದ್ದಳು. ಮುಖ ಸುಣ್ಣದ ಗೋಡೆಯಷ್ಟೇ ಬೆಳ್ಳಗಿತ್ತು. ಆ ಮಗುವೇ ನನ್ನ ತಾಯಿ.

ಪೂಜೆ ಮುಗಿಯಿತು. ಪೂಜೆಯಾದ ಮನೆಯಲ್ಲೇ ಪಾದ್ರಿಗೆ ಊಟ. ಮನೆಯಲ್ಲಿದ್ದ ಶ್ರೇಷ್ಠವಾದದ್ದನ್ನು ಗೊಬ್ನಿತ್ ಮುಂದಿಟ್ಟಳು: ದಡದಿಂದ ತರಿಸಿದ ಬಿಳಿ ಬ್ರೆಡ್ಡು, ಕಡುಕಪ್ಪು ಚಹಾ, ಬೇಯಿಸಿದ ಆಲೂಗಡ್ಡೆ, ಪೀಪಾಯಿಯಿಂದ ತೆಗೆದು ಉಪ್ಪು ಬಿಡಿಸಿ ಕುದಿಸಿದ ಪಫಿನ್. ಕಡಲ ಮೇಲೆ ದೋಣಿಯಲ್ಲಿ ಕುಲುಕಿ ಬಂದ ಹೊಟ್ಟೆ. ಪಾದ್ರಿ ಚೆನ್ನಾಗಿ ತಿಂದರು.

"ಯಾವ ಮೀನಮ್ಮ ಇದು? ಒಳ್ಳೇ ಜಿಡ್ಡಿದೆ," ಎಂದರು.

"ನಮ್ಮ ಕಡೇದು ಸ್ವಾಮಿ. ಇನ್ನೊಂಚೂರು ಹಾಕ್ಲಾ?"

"ಹಾಕು, ಹಾಕು."

ಹಾಕಿದಳು. ಪಾದ್ರಿ ಅದನ್ನೂ ಮುಗಿಸಿದರು. ಮುಗಿಸಿ, ತಟ್ಟೆಯಂಚಿಗೆ ಮೂಳೆ ಸರಿಸುತ್ತಿದ್ದ ಬೆರಳು ಅಲ್ಲೇ ನಿಂತಿತು. ಒಂದು ಮೂಳೆ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು. ದೋಣಿಯ ಅಡಿಮರದ ಹಾಗೆ ನಡುವೆ ಏಣು ಎದ್ದಿದ್ದ ಎದೆಮೂಳೆ. ಪಕ್ಕದಲ್ಲೇ ಕವಲುಮೂಳೆಯೂ ಇತ್ತು. ಪಾದ್ರಿಯ ಮುಖದ ಬಣ್ಣ ಹೋಯಿತು, ಆಮೇಲೆ ಬಂತು, ಬಂದದ್ದು ಬೇರೆ ಬಣ್ಣ.

"ಗೊಬ್ನಿತ್, ಇದು ಹಕ್ಕಿ."

"ಪಫಿನ್ ಸ್ವಾಮಿ."

"ಪಫಿನ್ ಹಕ್ಕಿ!"

"ಅಲ್ಲ ಸ್ವಾಮಿ, ಮೀನು."

ಮನೆ ತುಂಬ ಜನ. ಪಾದ್ರಿ ಬಾಯಿ ಒರೆಸಿಕೊಂಡು, ಮಠದಲ್ಲಿ ಹುಡುಗರಿಗೆ ಹೇಳಿಕೊಡುತ್ತಿದ್ದ ದನಿಯಲ್ಲಿ ಶುರುಮಾಡಿದರು. ಗಿಡಮರದ್ದು ಒಂದು ರಾಜ್ಯ, ಪ್ರಾಣಿಗಳದ್ದು ಇನ್ನೊಂದು. ಪ್ರಾಣಿಗಳಲ್ಲಿ ಬೆನ್ನುಮೂಳೆ ಇಲ್ಲದವು ಒಂದು ಕಡೆ, ಇರುವವು ಒಂದು ಕಡೆ. ಇರುವವುಗಳಲ್ಲಿ ಮೀನು ಬೇರೆ, ಕಪ್ಪೆ ಬೇರೆ, ಹಾವು ಹಲ್ಲಿ ಬೇರೆ, ಹಕ್ಕಿ ಬೇರೆ, ಹಾಲೂಡುವವು ಬೇರೆ. ಗರಿ ಇದ್ದದ್ದೆಲ್ಲ ಹಕ್ಕಿ. ಎಲ್ಲಿ ವಾಸ, ಏನು ಊಟ ಅಂತ ನೋಡಿ ಗುಂಪು ಮಾಡುವುದಲ್ಲ. ಮೈ ಹೇಗೆ ಕಟ್ಟಿದೆ, ಯಾರಿಗೆ ಯಾರು ನೆಂಟರು ಅಂತ ನೋಡಿ ಮಾಡುವುದು.

"ಹಂಗಾದ್ರೆ ತಿಮಿಂಗಿಲ?" ಬಾಗಿಲ ಬಳಿಯಿಂದ ಟೈಗ್ ಕೇಳಿದ.

"ಅದು ಮರಿಗೆ ಹಾಲು ಕೊಡ್ತದೆ. ಹಸುವಿನ ಗುಂಪು, ನಮ್ಮ ಗುಂಪು."

"ನನ್ನ ಭಾಮೈದನ ಮೈ ನೋಡಿದಾಗ್ಲೇ ಅನ್ಕೊಂಡಿದ್ದೆ," ಎಂದ ಟೈಗ್. ಜನ ನಕ್ಕರು. ಪಾದ್ರಿಗೂ ನಗು ಬಂತು, ಹಲ್ಲು ಕಚ್ಚಿ ತಡೆದುಕೊಂಡರು.

"ಬಾವಲಿ?" ಇನ್ಯಾರೋ ಕೇಳಿದರು.

"ಅದೂ ಹಾಲೂಡೋದೇ. ಹಾರ್ತದೆ ಅಂತ ಹಕ್ಕಿ ಆಗಲ್ಲ."

"ಕಡಲೇಡಿ ಹಿಡೀತೀವಲ್ಲ, ಅದು?"

"ಅದಕ್ಕೆ ಬೆನ್ನುಮೂಳೆ ಇಲ್ಲ. ಜೇಡ, ಜೀರುಂಡೆ, ಅವುಗಳ ದೂರದ ನೆಂಟ."

"ಶುಕ್ರವಾರ ಅದನ್ನ ತಿನ್ನಬೋದು ತಾನೆ?" ಈಗ ಕೇಳಿದವಳು ಗೊಬ್ನಿತ್.

"ತಿನ್ನಬಹುದು."

"ಜೇಡನ ನೆಂಟ ನಡೀತದೆ, ನನ್ನ ಪಫಿನ್ ನಡೆಯಲ್ಲ."

ಪಾದ್ರಿ ಸೋಲುವ ಆಳಲ್ಲ. "ಬಿಸಿರಕ್ತದ್ದು ಮಾಂಸ, ತಣ್ಣನೆ ರಕ್ತದ್ದು ಮೀನಿನ ಸಾಲು. ಧರ್ಮಸಭೆಯ ಲೆಕ್ಕ ಅದು. ಬಿಲಕ್ಕೆ ಕೈ ಹಾಕಿ ಪಫಿನ್ ಹಿಡಿದಿದ್ದೀಯಲ್ಲ, ಹೇಳು, ಮೈ ಬೆಚ್ಚಗಿತ್ತೋ ತಣ್ಣಗಿತ್ತೋ?"

ಗೊಬ್ನಿತ್ ಸುಳ್ಳು ಹೇಳುವವಳಲ್ಲ. "ಬೆಚ್ಚಗಿತ್ತು," ಎಂದಳು.

"ಮುಗೀತಲ್ಲ."

ವಾದ ಮುಗಿದಿತ್ತು. ಅದು ಅಲ್ಲಿದ್ದ ಎಲ್ಲರಿಗೂ ತಿಳಿಯಿತು, ಅವಳಿಗೂ ತಿಳಿಯಿತು. ಪಾದ್ರಿ ದನಿ ಇಳಿಸಿದರು. ಒಳಕೋಣೆಯ ಕಡೆ ನೋಡಿ, "ನೋಡು ತಾಯಿ, ಬಾಣಂತಿ ಇದ್ದಾಳೆ. ಬಾಣಂತಿಗೆ, ಕಾಯಿಲೆಯವರಿಗೆ ಮಾಂಸ ತಿನ್ನೋಕೆ ನಾನು ಅನುಮತಿ ಕೊಡಬಹುದು. ಮನೆಯಲ್ಲಿ ಬೇರೇನೂ ಇಲ್ಲ ಅಂದ್ರೆ ನಿಮಗೆಲ್ಲ ಕೊಡ್ತೀನಿ. ನೀನು ಒಂದೇ ಮಾತು ಕೇಳು. 'ಸ್ವಾಮಿ, ಇದು ಮಾಂಸ, ತಿನ್ನೋಕೆ ಅಪ್ಪಣೆ ಕೊಡಿ' ಅನ್ನು. ಈ ಕ್ಷಣ ಕೊಟ್ಟೆ," ಎಂದರು.

ಅದಕ್ಕಿಂತ ಸುಲಭದ ದಾರಿ ಯಾವ ಪಾದ್ರಿ ತೋರಿಸಿಯಾನು? ಟೈಗ್ ಕಣ್ಣಲ್ಲೇ ಸನ್ನೆ ಮಾಡಿದ, ಕೇಳಿಬಿಡು ಅಂತ. ಡೋನಲ್ ತಾಯಿಯ ತೋಳು ಮುಟ್ಟಿದ.

"ಕೇಳಲ್ಲ," ಎಂದಳು ಗೊಬ್ನಿತ್.

"ಯಾಕೆ? ಹಠಾನಾ?"

"ಸ್ವಾಮಿ, ಆಲೂಗಡ್ಡೆ ನೆಲದಲ್ಲೇ ಕೊಳೆತ ವರ್ಷ ನೀವಿನ್ನೂ ಹುಟ್ಟಿರಲಿಲ್ಲ. ನಾನು ಇಷ್ಟುದ್ದ ಇದ್ದೆ. ಆ ತಪಸ್ಸುಕಾಲವೆಲ್ಲ ನಮ್ಮವ್ವ ನಮಗೆ ಉಣ್ಣಿಸಿದ್ದು ಇದನ್ನೇ. ತಾನು ನೀರು ಕುಡಿದು ನಮಗೆ ಹಾಕಿದ್ಳು. ಶುಭ ಶುಕ್ರವಾರದ ದಿವ್ಸ ಅವಳಿಗೆ ಜ್ವರ. ಕಡೇ ತುಂಡು ಬೇಯಿಸಿ ಬಾಯಿಗೆ ಇಟ್ಟವಳು ನಾನು. ತಿಂದ್ಳು. ಆವತ್ತೇ ಹೋದ್ಳು. ಕಡಲು ಎದ್ದಿತ್ತು, ಪಾದ್ರಿ ಬರೋಕೆ ಆಗ್ಲಿಲ್ಲ, ಪಾಪನಿವೇದನೆ ಇಲ್ಲ, ಸಾಯೋರ ಹಣೆಗೆ ಹಚ್ಚೋ ಎಣ್ಣೆ ಇಲ್ಲ. 'ನನ್ನ ಮೈಮೇಲೆ ಯಾವ ಪಾಪಾನೂ ಇಲ್ಲ ಮಗಾ, ಹೆದರಬೇಡ' ಅಂದು ಕಣ್ಣು ಮುಚ್ಚಿದ್ಳು." ಗೊಬ್ನಿತ್ ಉಸಿರು ತೆಗೆದುಕೊಂಡಳು. "ಇವತ್ತು ಇದು ಮಾಂಸ ಆದ್ರೆ ಆವತ್ತೂ ಮಾಂಸವೇ. ಅಪ್ಪಣೆ ಕೇಳೋಕೆ ನನಗೆ ನೀವಿದ್ದೀರಿ. ಅವಳಿಗೆ ಯಾರಿದ್ರು? ನಾನು ಅಪ್ಪಣೆ ಕೇಳಿದ್ರೆ ನಮ್ಮವ್ವನ್ನ ನನ್ನ ಬಾಯಿಂದಲೇ ನರಕಕ್ಕೆ ತಳ್ಳಿದ ಹಂಗೆ. ಕೇಳಲ್ಲ. ಇದು ಮೀನು."

ಪಾದ್ರಿ ಏನೋ ಹೇಳಲು ಬಾಯಿ ತೆರೆದರು. ತಿಳಿಯದೆ ಮಾಡಿದ್ದು ಪಾಪವಲ್ಲ ಎನ್ನುವ ಮಾತು ಅವರ ಪುಸ್ತಕದಲ್ಲಿತ್ತು, ಅದನ್ನು ಹೇಳಿಯೂ ಹೇಳಿದರು. ಗೊಬ್ನಿತ್ ತಲೆಯಾಡಿಸಿದಳು. "ಅವಳ ಕೈಯೂ ಬಿಲದೊಳಗೆ ಹೋಗಿತ್ತು ಸ್ವಾಮಿ. ಬೆಚ್ಚಗಿರೋದು ಅವಳಿಗೂ ಗೊತ್ತಿತ್ತು."

ಅಲ್ಲಿಗೆ ಪಾದ್ರಿಯ ತಾಳ್ಮೆಯೂ ತೀರಿತು. ಕಂಡ ಸತ್ಯವನ್ನು ಕಂಡಿಲ್ಲ ಎನ್ನುವುದು ಅವರಿಂದ ಆಗದ ಕೆಲಸ. ಗೊತ್ತಿದ್ದೂ, ಅನುಮತಿಯಿಲ್ಲದೆ, ತಪಸ್ಸುಕಾಲದಲ್ಲಿ ಪಫಿನ್ ತಿಂದವರಿಗೆ ಈಸ್ಟರ್ ಹಬ್ಬದ ಪರಮಪ್ರಸಾದ ಇಲ್ಲ ಎಂದು ಆ ಸುಣ್ಣದ ಗೋಡೆಗಳ ನಡುವೆಯೇ ಸಾರಿ, ಟೋಪಿ ಹಾಕಿಕೊಂಡು ದೋಣಿ ಹತ್ತಿದರು. ನಮ್ಮ ಕಡೆ ಈಸ್ಟರಿನ ಪ್ರಸಾದ ತಪ್ಪಿಸಿಕೊಂಡವರ ಹೆಸರನ್ನು ಸಾಯುವ ತನಕ ಜನ ಪಿಸುಗುಟ್ಟುತ್ತಾರೆ. ಸತ್ತ ಮೇಲೂ ಬಿಡುವುದಿಲ್ಲ.

ಅಂದು ಸಂಜೆ ಎಲೀಶ್ ಬಟ್ಟಲನ್ನು ದೂರ ತಳ್ಳಿದಳು. "ಅತ್ತೆ, ನಾನು ಆಲೂಗಡ್ಡೇಲೇ ಇರ್ತೀನಿ. ನಿಮಗೆ ತೊಂದ್ರೆ ಬೇಡ."

"ಬಾಯಿ ಮುಚ್ಕೊಂಡು ತಿನ್ನು."

"ಬಾಯಿ ಮುಚ್ಕೊಂಡು ಹೆಂಗೆ ತಿನ್ನೋದು ಅತ್ತೆ?"

"ಹಂಗಾದ್ರೆ ತೆರೆದು ತಿನ್ನು. ಮಗಿಗೆ ಹಾಲು ಬೇಡ್ವಾ? ಪಾದ್ರಿ ಪುಸ್ತಕದಲ್ಲಿ ನೀನು ಹಾಲೂಡೋ ಗುಂಪು. ಊಡು."

ಎಲೀಶ್ ನಗುತ್ತ ಅತ್ತಳು, ಅಳುತ್ತ ತಿಂದಳು.

ಗೊಬ್ನಿತಳಿಗೆ ತಾನೇ ಪಫಿನ್ ತಿನ್ನಬೇಕಾದ ಅಗತ್ಯವೇನಿರಲಿಲ್ಲ. ಬರೀ ಆಲೂಗಡ್ಡೆ ಉಪ್ಪುನೀರಿನಲ್ಲಿ ಎಷ್ಟೋ ತಪಸ್ಸುಕಾಲ ಕಳೆದ ಹೊಟ್ಟೆ ಅದು. ಆದರೂ ಶುಕ್ರವಾರ ಬಂತೆಂದರೆ ಮನೆಮುಂದಿನ ಕಲ್ಲಿನ ಮೇಲೆ, ಬಾವಿಗೆ ಹೋಗುವ ದಾರಿಗೆ ಮುಖ ಮಾಡಿ, ಬಟ್ಟಲು ತೊಡೆಯ ಮೇಲಿಟ್ಟುಕೊಂಡು ಕೂರುವಳು. ನೀರಿಗೆ ಹೋಗುವ ಹೆಂಗಸರೆಲ್ಲ ನೋಡಬೇಕು.

"ಏನ್ ಊಟ ಗೊಬ್ನಿತಕ್ಕ?"

"ಮೀನು."

"ಮೂಳೆ ದಪ್ಪಗಿದೆ."

"ವಯಸ್ಸಾದ್ರೆ ಮೀನಿಗೂ ಮೂಳೆ ಬಲೀತದೆ. ಮುಂದೆ ನಡಿ, ಕೊಡ ತುಂಬಲ್ಲ ಮಾತಾಡಿದ್ರೆ."

ಕೆಲವರು ಹೆದರಿ ತಮ್ಮ ಪೀಪಾಯಿಗೆ ಮುಚ್ಚಳ ಬಡಿದರು. ಕೆಲವರು ಬಾಗಿಲು ಹಾಕಿಕೊಂಡು ತಿಂದರು. ಬಾಗಿಲು ತೆರೆದು ತಿಂದವಳು ಅವಳೊಬ್ಬಳು. ಟೈಗ್ ಬಂದು ಪಕ್ಕದಲ್ಲಿ ಕೂತು, "ಒಂದು ಮಾತಿಗೆ ಇಷ್ಟು ರಾದ್ಧಾಂತ ಬೇಕೇನೇ? ಹಕ್ಕಿ ಅಂದ್ರೆ ನಿನ್ನ ಗಂಟೇನು ಹೋಗ್ತದೆ? ನಿಮ್ಮವ್ವ ಸತ್ತು ಎಷ್ಟು ಕಾಲ ಆಯ್ತು," ಎಂದ.

"ನಿಮ್ಮವ್ವನೂ ಆ ವರ್ಷ ತಿಂದೇ ನಿನ್ನ ಉಳಿಸಿಕೊಂಡಿದ್ದು ಟೈಗ್."

ಟೈಗ್ ಎದ್ದು ಹೋಗುವಾಗ ಅವಳ ಬಟ್ಟಲಿನಿಂದ ಒಂದು ಚೂರು ಎತ್ತಿ ಬಾಯಿಗೆ ಹಾಕಿಕೊಂಡು ಹೋದ.

ಈಸ್ಟರ್ ಬೆಳಗ್ಗೆ ಕಡಲು ಕನ್ನಡಿಯಂತಿತ್ತು. ಮರದ ಚೌಕಟ್ಟಿಗೆ ಬಟ್ಟೆ ಬಿಗಿದು ತಾರು ಬಳಿದ ದೋಣಿಗಳು ಒಂದರ ಹಿಂದೊಂದು ಆಚೆ ದಡಕ್ಕೆ ಹೊರಟವು. ಗೊಬ್ನಿತ್ ಮದುವೆಯ ಶಾಲು ಹೊದ್ದಿದ್ದಳು. "ಅವ್ವಾ, ಹಿಂದಿನ ಸಾಲಲ್ಲೇ ಕೂತಿರು, ಪ್ರಸಾದಕ್ಕೆ ಎದ್ದು ಹೋಗಬೇಡ. ಎಲ್ರ ಮುಂದೆ ಪಾದ್ರಿ ನಿನ್ನ ಬಿಟ್ಟು ಹೋದ್ರೆ?" ಎಂದು ಡೋನಲ್ ಹುಟ್ಟು ಹಾಕುತ್ತಲೇ ಬೇಡಿಕೊಂಡ.

"ಬಿಟ್ಟುಹೋಗೋದು ಅವರ ಕೆಲಸ. ಹೋಗೋದು ನನ್ನ ಕೆಲಸ. ನೀನು ಹುಟ್ಟು ಹಾಕು, ಅದು ನಿನ್ನ ಕೆಲಸ."

ಗುಡಿ ತುಂಬಿತ್ತು. ಪ್ರಸಾದದ ಹೊತ್ತಿಗೆ ದ್ವೀಪದವರು ಯಾವಾಗಲೂ ಮೊದಲು ಹೋಗುವುದು ವಾಡಿಕೆ. ಗಾಳಿ ತಿರುಗುವ ಮುಂಚೆ ನಾವು ದೋಣಿ ಹತ್ತಬೇಕಲ್ಲ. ಗೊಬ್ನಿತ್ ಎಲ್ಲರಿಗಿಂತ ಮುಂದೆ ಹೋಗಿ ಬಲಿಪೀಠದ ಮುಂದಿನ ಕಟಕಟೆಗೆ ಮೊಣಕಾಲೂರಿದಳು. ಪಕ್ಕದಲ್ಲಿ ಟೈಗ್, ಅವನ ಪಕ್ಕ ಡೋನಲ್, ಆಮೇಲೆ ಉಳಿದವರು. ಕಟಕಟೆ ನಮ್ಮವರಿಂದಲೇ ತುಂಬಿಹೋಯಿತು.

ಪಾದ್ರಿ ಪಾತ್ರೆ ಹಿಡಿದು ಬಂದರು. ಅವಳ ಮುಂದೆ ನಿಂತರು. ದನಿ ತಗ್ಗಿಸಿ, "ಬಿಟ್ಟೆಯಾ ಅದನ್ನ?" ಎಂದರು.

"ಬಿಡೋಕೆ ಏನಿತ್ತು ಸ್ವಾಮಿ? ಮೀನು."

ಪಾದ್ರಿ ಒಂದು ಹೆಜ್ಜೆ ಪಕ್ಕಕ್ಕೆ ಸರಿದರು. ಅವಳನ್ನು ಬಿಟ್ಟರು. ಗುಡಿಯಲ್ಲಿ ಶಾಲುಗಳೆಲ್ಲ ಒಮ್ಮೆ ಸರಬರ ಎಂದವು. ಗೊಬ್ನಿತ್ ಏಳಲಿಲ್ಲ. ತಲೆಯನ್ನೂ ತಗ್ಗಿಸಲಿಲ್ಲ.

ಪಾದ್ರಿ ಟೈಗ್‌ನ ಬಾಯಿಗೆ ಪ್ರಸಾದ ಹಿಡಿದರು. ಟೈಗ್ ಬಾಯಿ ತೆರೆಯಲಿಲ್ಲ. ಜೀವಮಾನದಲ್ಲಿ ಮುಚ್ಚಿರದ ಬಾಯಿ ಅಂದು ಮುಚ್ಚಿತ್ತು. ಪಾದ್ರಿ ಕಾದರು. ಕೊನೆಗೆ ಮುದುಕ ತುಟಿಯಂಚಿನಲ್ಲೇ, "ಅವಳಿಗಾಗ್ಲಿ ಸ್ವಾಮಿ, ಆಮೇಲೆ ನನಗೆ," ಎಂದ. ಪಾದ್ರಿ ಡೋನಲ್‌ನ ಮುಂದೆ ಬಂದರು. ಆ ಬಾಯಿಯೂ ತೆರೆಯಲಿಲ್ಲ. ಅದರಾಚೆಯ ಹೆಂಗಸು, ಹೆದರಿ ಪೀಪಾಯಿಗೆ ಮುಚ್ಚಳ ಬಡಿದಿದ್ದವಳು. ಅವಳೂ ತುಟಿ ಬಿಗಿದುಕೊಂಡಳು. ಇದನ್ನು ಯಾರೂ ಮೊದಲೇ ಮಾತಾಡಿಕೊಂಡಿರಲಿಲ್ಲ. ಸಾಲಿನುದ್ದಕ್ಕೂ ಯಾರೂ ಏಳಲಿಲ್ಲ, ಯಾರೂ ಬಾಯಿ ತೆರೆಯಲಿಲ್ಲ. ಹಿಂದೆ ದಡದವರು ಜಾಗಕ್ಕಾಗಿ ಕಾಯುತ್ತ ಕೆಮ್ಮುತ್ತಿದ್ದರು.

ಪಾದ್ರಿ ಪಾತ್ರೆ ಹಿಡಿದುಕೊಂಡೇ ಅಷ್ಟೂ ಉದ್ದ ವಾಪಸು ನಡೆದು ಬಂದರು. "ಏಳು ಗೊಬ್ನಿತ್," ಎಂದರು. ಬೈದ ಹಾಗಿರಲಿಲ್ಲ, ಬೇಡಿದ ಹಾಗಿತ್ತು.

"ಏಳ್ತೀನಿ. ಒಂದು ಹೇಳಿಬಿಡಿ. ಗಿಡಕ್ಕೊಂದು ಖಾನೆ, ಮೀನಿಗೊಂದು ಖಾನೆ, ಹಕ್ಕಿಗೊಂದು ಖಾನೆ ಮಾಡಿದ್ರಲ್ಲ. ನಮ್ಮವ್ವನ್ನ ಯಾವ ಖಾನೇಲಿ ಇಟ್ರಿ? ಅಷ್ಟು ಹೇಳಿ, ನಾನೇ ಎದ್ದು ಹೋಗ್ತೀನಿ."

ಅವಳು ಬೇಕಾದರೆ ಇನ್ನೊಂದು ಮಾತು ಎತ್ತಬಹುದಿತ್ತು. ನೀವೂ ತಿಂದಿರಿ, ಎರಡನೇ ಸಲ ಹಾಕಿಸಿಕೊಂಡಿರಿ, ಎನ್ನಬಹುದಿತ್ತು. ದಡದವರಿಗೆ ಅದು ಗೊತ್ತೇ ಇರಲಿಲ್ಲ. ಅವಳು ಅದನ್ನು ಎತ್ತಲಿಲ್ಲ. ಎತ್ತುವುದಿಲ್ಲ ಎಂದು ಪಾದ್ರಿಗೂ ಆ ಮುಖ ನೋಡಿ ತಿಳಿದಿರಬೇಕು.

"ಆ ಕಪಾಟು ನನ್ನದಲ್ಲ ತಾಯಿ," ಎಂದರು. "ಅದರ ಬೀಗದ ಕೈ ನನಗೆ ಕೊಟ್ಟಿಲ್ಲ. ಬಾಯಿ ತೆರೆ."

ತೆರೆದಳು. ಪಕ್ಕದಲ್ಲಿ ಟೈಗ್ ಎಷ್ಟು ಅಗಲಕ್ಕೆ ತೆರೆದನೆಂದರೆ, ಗರಿ ಮೂಡದ ಮರಿಗಳು ಹಾಗೆ ತೆರೆಯುತ್ತವೆ ಎಂದು ಆಮೇಲೆ ಪಾದ್ರಿಯೇ ಹೇಳಿದರಂತೆ.

ಪೂಜೆಯ ನಂತರ ಗುಡಿಯ ಗೇಟಿನ ಬಳಿ ಪಾದ್ರಿ ಅವಳನ್ನು ತಡೆದು, "ಆದರೂ ಅದು ಹಕ್ಕಿ, ತಿಳ್ಕೋ," ಎಂದರು.

"ನಿಮ್ಮ ಮನೇಲಿ ಹಕ್ಕಿ ಮಾಡ್ಕೊಳ್ಳಿ ಸ್ವಾಮಿ. ನಮ್ಮ ಪೀಪಾಯಿಗೆ ಮಾತ್ರ ಬರಬೇಡಿ," ಎಂದು ಅವಳು ಶಾಲು ಎಳೆದುಕೊಂಡು ದೋಣಿಯ ಕಡೆ ನಡೆದಳು.

ಅವಳು ಬಹಳ ವರ್ಷ ಬದುಕಿದಳು. ಅವಳ ಕೊನೆಗಾಲದಲ್ಲಿ ದುರ್ಬೀನು ಹಿಡಿದ ಪಂಡಿತರು ನಮ್ಮಲ್ಲಿ ಡೇರೆ ಹಾಕಿದ್ದರು. ಪಫಿನ್ ಚಳಿಗಾಲದಲ್ಲಿ ಕಡಲ ತಳದಲ್ಲಿ ಮಲಗುವುದಿಲ್ಲ, ದೂರ ನಡುಗಡಲಿನಲ್ಲಿ ತೇಲುತ್ತಿರುತ್ತದೆ ಎಂದು ಅವರು ಅವಳಿಗೆ ತಿಳಿಹೇಳಿದರು. "ನೀವು ಮೇಲಿಂದ ನೋಡಿದ್ದು. ಕೆಳಗಿಂದ ನೋಡಿದೋರು ಯಾರು?" ಎಂದಳು. ಆ ವಿಷಯದಲ್ಲಿ ಅವಳದು ತಪ್ಪೇ. ತಪ್ಪನ್ನೂ ಅವಳು ಬಗ್ಗದೆಯೇ ಹೊತ್ತಳು.

ಪಾದ್ರಿ ಬ್ರೊಸ್ನನ್ ವರ್ಗವಾಗಿ ಹೋಗುವಾಗ ಕಪಾಟನ್ನು ದಡದ ಶಾಲೆಗೆ ಬಿಟ್ಟುಹೋದರು. ನನ್ನ ತಾಯಿ ಅಲ್ಲಿಗೆ ಓದಲು ಸೇರಿದ ದಿನ ಗೊಬ್ನಿತ್ ಜೊತೆಗೆ ಹೋಗಿದ್ದಳು. ಕಪಾಟಿನ ಖಾನೆಗಳನ್ನು ಒಂದೊಂದಾಗಿ ಎಳೆದು ನೋಡಿದಳು. ಹಕ್ಕಿಗಳ ಖಾನೆಯಲ್ಲಿ ಕಡಲಹಕ್ಕಿಗಳ ಸಾಲಿನಲ್ಲಿ ಒಂದು ಜಾಗ ಖಾಲಿ. ಮೀನಿನ ಖಾನೆಯಲ್ಲಿ ಹುಡುಕಿದಳು, ಅಲ್ಲೂ ಇಲ್ಲ. ತಲೆಯೆತ್ತಿ ನೋಡಿದರೆ ಕಪಾಟಿನ ನೆತ್ತಿಯ ಮೇಲೆ, ಎಲ್ಲ ಖಾನೆಗಳಿಗೂ ಹೊರಗೆ, ಹುಲ್ಲುತುಂಬಿದ ಪಫಿನ್ ಒಂದೇ ನಿಂತಿತ್ತು. ಮೈಮೇಲೆಲ್ಲ ಧೂಳು.

ಗೊಬ್ನಿತ್ ಸೊಂಟಕ್ಕೆ ಕೈಯಿಟ್ಟು ಅದನ್ನು ಬಹಳ ಹೊತ್ತು ನೋಡಿದಳಂತೆ.

"ಮನುಷ್ಯ ಕೆಟ್ಟೋನಲ್ಲ," ಎಂದಳು. "ಆದ್ರೆ ಒಳ್ಳೇ ಮೀನು ಹಾಳು ಮಾಡಿದ."